ಖಾಲಿ ಲಾರಿಯ ತೂಕ

ತುಂಬಿದ ಲಾರಿಯ ತೂಕದಲ್ಲಿ
ಖಾಲಿ ಲಾರಿಯ ತೂಕ ಕಳೆದರೆ ಉಳಿದದ್ದು ಅದಿರು.
ವಾಸ್ಕೋದ ಈ ವೇಬ್ರಿಜ್ ಗೂಡಿನಲ್ಲಿ
ಹನ್ನೊಂದು ವರ್ಷ ನಾನು ಮಾಡಿದ್ದು ಇದೊಂದೇ ಲೆಕ್ಕ.

ರಾತ್ರಿ, ಸಡಾ ಗುಡ್ಡದ ಬಾಡಿಗೆ ಕೋಣೆಯಲ್ಲಿ,
ಒಂದು ಹಳೇ ಕಂಪ್ಯೂಟರ್ ಆಟವನ್ನು
ಅದೇ ತಕ್ಕಡಿಗೆ ಹತ್ತಿಸಿದ್ದೇನೆ.
ಆಟದಲ್ಲಿ ಯಂತ್ರವನ್ನು ಕಳೆದರೆ ಎಷ್ಟು ಉಳಿದೀತು?
ಮೂವರು ಮೂರು ಕಡೆ ಪರದೆಯ ಮುಂದೆ ಕೂತು
ಒಂದೇ ಮೇಜೆಂದು ನಂಬಿ ಆಡುವಷ್ಟು?

ನೆಲಮಾಳಿಗೆಯಲ್ಲಿ ಇನ್ನೂರ ಹನ್ನೆರಡು ಇಲಿ.
ಯಂತ್ರಕ್ಕೇನು, ರೆಪ್ಪೆ ಬಡಿಯುವುದರೊಳಗೆ
ಅಷ್ಟಕ್ಕೂ ದಾಳ ಉರುಳಿಸಿ ಕೈ ತೊಳೆಯುತ್ತಿತ್ತು.
ನಾವು ಅಷ್ಟು ಹೊಡೆದು ಮುಗಿಸಲು ಮುಂದಿನ ಶಿಗ್ಮೊ ಬರಬೇಕು.
ನಾಲ್ಕು ಇಟ್ಟೆ. ಒಂದಕ್ಕೆ ಬಾಲ ಇಲ್ಲ,
ಗುರುತು ಸಿಗಲಿ ಅಂತ.
ತೋಳಕ್ಕೆ ನೂರ ನಲವತ್ತು ಪ್ರಾಣ ಇತ್ತು,
ಹನ್ನೊಂದಕ್ಕೆ ಇಳಿಸಿದೆ. ಅದೇನೂ ತಕರಾರು ಮಾಡಲಿಲ್ಲ.

ನಕ್ಷೆಯನ್ನು ತುಂಡು ತುಂಡಾಗಿ ಕಿತ್ತು
ಚೌಕಳಿಯ ಮೇಲೆ ಹೊಲಿದೆ.
ಗೋಡೆಗಳ ಮೇಲೇ ಮತ್ತೆ ಗೋಡೆ ಎಳೆದೆ, ಕಾಣದ ಗೆರೆಯಲ್ಲಿ,
ಪಂಜಿನ ಬೆಳಕು ಪಕ್ಕದ ಕೋಣೆಗೆ ಸೋರಬಾರದಲ್ಲ.
ಒಂದು ಮೂಲೆಯಲ್ಲಿ ಎಳೆಯಲು ಮರೆತೆ.
ಅವೆಲಿನೊ ಅಲ್ಲಿಂದ ಖಜಾನೆ ಕಂಡುಬಿಟ್ಟ,
ಕಾಣದವನ ಹಾಗೆ ಸೀದಾ ಅಲ್ಲಿಗೇ ನಡೆದ.

ಯಂತ್ರದಲ್ಲಾದರೆ ಸತ್ತ ಮೇಲೆ
ಉಳಿಸಿಟ್ಟ ಜಾಗಕ್ಕೆ ಹಿಂದಿರುಗಬಹುದಿತ್ತು.
ಆ ಗುಂಡಿ ಎಲ್ಲಿ ಅಂತ ಉರ್ವಿ ಎರಡು ಸಲ ಕೇಳಿದಳು.
ಎರಡನೇ ಸಲ ಕೇಳುವಾಗ
ಅವಳ ಕುದುರೆ ಆಗಲೇ ಹಳ್ಳದಲ್ಲಿತ್ತು.

ಮೂರನೇ ಭಾನುವಾರ ನದಿ ಬಂತು.
ದಡದಲ್ಲೊಬ್ಬಳು ದೋಣಿಯವಳು.
ಎಷ್ಟು ಸಲ ಒತ್ತಿದರೂ ಒಂದೇ ಮಾತು:
ನದಿ ಉಕ್ಕಿದೆ, ನಾಳೆ ಬನ್ನಿ.
ನಾಳೆ ಎಂಬುದೇ ಆ ಆಟದಲ್ಲಿ ಇರಲಿಲ್ಲ.
ಮೂರು ನಾಣ್ಯ ಕೊಟ್ಟರೆ ತುಟಿಪಿಟಕ್ಕೆನ್ನದೆ ದಾಟಿಸುತ್ತಿದ್ದಳು.

ಇವರು ನಾಣ್ಯ ಕೊಡಲಿಲ್ಲ.
ನಿನ್ನ ಹೆಸರೇನು, ಅಂದಳು ಉರ್ವಿ.

ಫೈಲಿನಲ್ಲಿ ಹುಡುಕಿದೆ. ದೋಣಿ ಹೆಂಗಸು, ಎರಡು.
ಅಷ್ಟೇ.
ಕಿವಿಯೊಳಗೆ ಮೂವರ ಉಸಿರು ಕಾಯುತ್ತಿತ್ತು.
ಅಲ್ಲಿಯವರೆಗೆ ಹಿಂದಿಯಲ್ಲಿ ಆಡಿಸುತ್ತಿದ್ದೆ, ಜಗಳ ಕೊಂಕಣಿಯಲ್ಲಿ,
ಕೂಡಿಸಿ ಕಳೆಯುವುದು ಮಾತ್ರ ತುಟಿಯೊಳಗೆ ಕನ್ನಡದಲ್ಲಿ.
ಬಾಯಿ ತೆರೆದರೆ ಅದೇ ಹೊರಬಿತ್ತು:
"ಫಕ್ಕೀರವ್ವ ಅಂತಾರ್ರಿ ನನಗ. ಹೊಳಿ ತುಂಬೈತಿ. ಉಂಡೀರೇನು?"

ಯಾರಿಗೂ ತಿಳಿಯಲಿಲ್ಲ.
ಇದು ನದಿಯ ಆಚೆಯವರ ಭಾಷೆ ಅಲ್ಲವೇ, ಅಂದ ಅವೆಲಿನೊ.
ಹೌದು ಅಂದೆ. ಸುಳ್ಳೇನಲ್ಲ.
ಉರ್ವಿ ಅರ್ಥಕ್ಕಾಗಿ ದಾಳ ಎಸೆದಳು. ಹದಿನೇಳು.
ಹದಿನೇಳಕ್ಕೆ ಎಷ್ಟು ಕನ್ನಡ ಕೊಡಬೇಕು?
ನಿಯಮದ ಪುಸ್ತಕದಲ್ಲಿ ಇಲ್ಲ.
ಉಂಡೀರೇನು, ಅಷ್ಟನ್ನು ಕೊಟ್ಟೆ.

ಆಮೇಲೆ ಎಲ್ಲ ಕೆಟ್ಟಿತು.
ಇಲ್ಲ ಅವ್ವಾ, ಉಂಡಿಲ್ಲ, ಅಂದರು; ರೊಟ್ಟಿ ಹಂಚಿಕೊಂಡರು;
ನೀನೂ ನಮ್ಮ ಜೊತೆ ಗೋಪುರಕ್ಕೆ ಬಾ ಅಂತ ಹಟ ಹಿಡಿದರು.
ಅವಳು ಬಂದರೆ ದೋಣಿ ನಡೆಸುವವರು ಯಾರು?
ಹೋಗುವಾಗ ಸರಿ, ಬರುವಾಗ?
ನಾನು ಎರಡು ತಿಂಗಳು ಜೋಡಿಸಿದ ಕಥೆಗೆ
ಅವಳು ದಡದಲ್ಲೇ ನಿಂತಿರಬೇಕು.

ಹುಟ್ಟು ನನಗೆ ಕೊಡಿ, ಅಂದ ಮುಜಮ್ಮಿಲ್.
ಅವನಿರುವುದು ಸರಕು ಹಡಗಿನಲ್ಲಿ,
ಸಿಗ್ನಲ್ ಇದ್ದರೆ ಅವನು, ಹೋದರೆ ಅವನ ಗೊಂಬೆ.
ನಡುಹೊಳೆಯಲ್ಲಿ ಅವನ ದನಿ ಕಡಿಯಿತು.
ಹುಟ್ಟು ಹಿಡಿದ ಗೊಂಬೆ ಬೂದಿ ಬಣ್ಣಕ್ಕೆ ತಿರುಗಿತು.
ನೀನೇ ಸರಿಸು, ಅಂದರು ಇಬ್ಬರೂ.
ನನಗೆ ಕೈ ಬರಲಿಲ್ಲ.
ಮೇಲಾಗಿ ಆಚೆ ದಡ ನಾನಿನ್ನೂ ಬರೆದಿರಲಿಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೆ ಮೊದಲ ಲಾರಿ.
ತೂಕದ ಚೀಟಿಯ ಬೆನ್ನಿಗೆ ಬರೆದುಕೊಂಡೆ:
ದೋಣಿ, ಐದು ಚೌಕ.
ರೊಟ್ಟಿ ಮುಗಿದಿದೆ.
ಮೊದಲನೇ ದೋಣಿ ಹೆಂಗಸು ಯಾರು,
ಫಕ್ಕೀರವ್ವನನ್ನು ಕೇಳಬೇಕು.